ಎರಡನೇ ದಿನದ ಬಸ್ಸು

ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಹೂವಿನ ಪುಟ್ಟಿ ಇರುತ್ತದೆ, ಕಾಲೇಜು ಮಕ್ಕಳ ಬ್ಯಾಗು ಇರುತ್ತದೆ, ಡಿ.ಸಿ. ಆಫೀಸಿಗೆ ಹೊರಟ ಪಹಣಿಯ ಕಟ್ಟು ಇರುತ್ತದೆ. ಇವುಗಳ ನಡುವೆ ಕಿಟಕಿಯ ಪಕ್ಕದಲ್ಲಿ, ಬಟ್ಟೆಯಂಗಡಿಯ ದಪ್ಪ ಚೀಲವೊಂದನ್ನು ಎದೆಗವಚಿಕೊಂಡು ಒಬ್ಬ ಹೆಣ್ಣುಮಗಳು ಕೂತಿರುತ್ತಾಳೆ. ಚೀಲದೊಳಗೆ ಸೀರೆಯಿಲ್ಲ. ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ರಕ್ತಪರೀಕ್ಷೆಯ ಚೀಟಿ, ಒಂದು ಎಕ್ಸ್‌ರೇ ಹಾಳೆ, ಮಾತ್ರೆಯ ಖಾಲಿ ಪಟ್ಟಿ ಇವೆ. ನಿನ್ನೆ ಅವಳಿಗೆ ಮುಟ್ಟಾಗಿದೆ. ನಿನ್ನೆ ಸಂಜೆ ಕೊಟ್ಟಿಗೆಯಲ್ಲಿ ಯಾರಿಗೂ ಕಾಣದಂತೆ ಅತ್ತು, ಮುಖ ತೊಳೆದುಕೊಂಡು ಹಾಲು ಕರೆದಿದ್ದಾಳೆ. ಇವತ್ತು ಎರಡನೇ ದಿನ. ಎರಡನೇ ದಿನ ಬೆಳಗ್ಗೆ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ಗರ್ಭ ನಿಲ್ಲಲೆಂದು ಮಾಡುವ ಚಿಕಿತ್ಸೆಯ ಲೆಕ್ಕ ಶುರುವಾಗುವುದೇ ಹೀಗೆ, ಹೋದ ತಿಂಗಳ ಆಸೆ ಮುಗಿದ ಮಾರನೆಯ ಬೆಳಗ್ಗೆ.

ಮಲ್ಲಸಂದ್ರ ಕಳೆದು, ಗುಬ್ಬಿ ಗೇಟ್ ದಾಟಿ ಬಸ್ಸು ಊರೊಳಗೆ ಬರುತ್ತದೆ. ಅದೇ ಹೊತ್ತಿಗೆ ಹೆಬ್ಬೂರು, ಗೂಳೂರಿನ ಮೇಲೆ ಹಾದು ಕುಣಿಗಲ್ ಬಸ್ಸೂ ಬಂದಿರುತ್ತದೆ. ಎರಡೂ ಕಡೆಯವರು ಸೇರುವುದು ಯಾವುದೋ ಆಸ್ಪತ್ರೆಯ ಮೊದಲ ಮಹಡಿಯ ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ಹಲ್ಲಿಲ್ಲದ ನಗೆಯ ಕೂಸಿನ ದೊಡ್ಡ ಚಿತ್ರ. ಅದರ ಪಕ್ಕದಲ್ಲೇ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು. ದನಿಯಿಲ್ಲದೆ ಓಡುವ ಟಿ.ವಿ. ಕುರ್ಚಿಗಳ ಸಾಲಿನಲ್ಲಿ ಕೊರಟಗೆರೆಯವರು, ತುರುವೇಕೆರೆಯವರು, ಶಿರಾ ಕಡೆಯವರು. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. "ಯಾವೂರಕ್ಕ?" ಎಂದು ಶುರುವಾಗುತ್ತದೆ. ಎರಡನೆಯ ಪ್ರಶ್ನೆ, "ಎಷ್ಟು ವರ್ಷ ಆಯ್ತು?" ಏನಾಗಿ ಎಷ್ಟು ವರ್ಷ ಎಂದು ಅಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬಳು ನಾಲ್ಕು ಎನ್ನುತ್ತಾಳೆ, ಇನ್ನೊಬ್ಬಳು ಒಂಬತ್ತು ಎನ್ನುತ್ತಾಳೆ. ನಾಲ್ಕು ಎಂದವಳು ಒಂಬತ್ತು ಎಂದವಳ ಕೈ ಮುಟ್ಟುತ್ತಾಳೆ.

ಆ ಕೋಣೆಯಲ್ಲಿ ಎಣಿಸಿದರೆ ಗಂಡಸರು ಕಡಿಮೆ. ಅತ್ತೆ ಬಂದಿರುತ್ತಾರೆ, ತಾಯಿ ಬಂದಿರುತ್ತಾರೆ, ಅಕ್ಕನೋ ನಾದಿನಿಯೋ ಬಂದಿರುತ್ತಾಳೆ. ಗಂಡ ಬಂದಿದ್ದರೂ ಮೆಟ್ಟಿಲ ಕೆಳಗೆ, ಟೀ ಅಂಗಡಿಯ ಹತ್ತಿರ ಫೋನು ನೋಡುತ್ತ ನಿಂತಿರುತ್ತಾನೆ. ಒಳಗೆ ನಡೆಯುವುದು ಹೆಂಗಸರ ವಿಷಯ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ನಾನು ಬರೆಯಬೇಕೆಂದಿರುವುದು ಆ ಮೆಟ್ಟಿಲನ್ನು ಹತ್ತಿದ ಒಬ್ಬ ಗಂಡಸಿನ ಬಗ್ಗೆ, ಮತ್ತು ಅವನು ಹತ್ತುವವರೆಗೆ ಒಬ್ಬಳೇ ಹತ್ತಿಳಿದ ಅವನ ಹೆಂಡತಿಯ ಬಗ್ಗೆ. ಹೆಸರು ಬೇಡ ಎಂದಿದ್ದಾರೆ. ಅವನದು ಗುಬ್ಬಿ ತಾಲ್ಲೂಕು, ತೆಂಗು ಅಡಿಕೆಯ ಸಣ್ಣ ತೋಟ. ಅವಳ ತವರು ಕುಣಿಗಲ್ ಕಡೆ.

ಮದುವೆಯಾದ ಮೊದಲ ವರ್ಷ ಊರು ನಗುತ್ತಲೇ ಕೇಳಿತು, "ಏನವ್ವಾ, ವಿಶೇಷ ಏನೂ ಇಲ್ವಾ?" ಎರಡನೆಯ ವರ್ಷ ನಗೆ ಹೋಗಿ ಪ್ರಶ್ನೆ ಮಾತ್ರ ಉಳಿಯಿತು. ಮೂರನೆಯ ವರ್ಷ ಯಾರೂ ಕೇಳಲಿಲ್ಲ, ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು ಎನ್ನುತ್ತಾಳೆ. ವಾರಗೆಯವಳ ಸೀಮಂತದಲ್ಲಿ ಮಡಿಲು ತುಂಬಲು ಮುತ್ತೈದೆಯರನ್ನು ಕರೆಯುವಾಗ ಇವಳ ಹೆಸರು ಬರಲಿಲ್ಲ. ಯಾರೂ ಬೇಕೆಂದು ಬಿಟ್ಟವರಲ್ಲ. ತಟ್ಟೆ ಇವಳನ್ನು ದಾಟಿ ಮುಂದಕ್ಕೆ ಹೋಯಿತು, ಅಷ್ಟೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು.

ಹರಕೆಗಳು ಇದ್ದೇ ಇದ್ದವು. ಗುಬ್ಬಿಯ ಚನ್ನಬಸವೇಶ್ವರನಿಗೆ, ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ. ಅರಳಿಕಟ್ಟೆಯ ಸುತ್ತ ಪ್ರದಕ್ಷಿಣೆ ಹಾಕಿದಳು, ನಾಗರಕಲ್ಲಿಗೆ ಹಾಲೆರೆದಳು. ನಮ್ಮ ಕಡೆಯ ಎಷ್ಟೋ ಅರಳಿಕಟ್ಟೆಗಳ ಮೇಲೆ ಸಾಲಾಗಿ ನಿಂತ ನಾಗರಕಲ್ಲುಗಳಲ್ಲಿ ಬಹಳಷ್ಟು ಮಕ್ಕಳಿಲ್ಲದವರು ಇಡಿಸಿದವು. ಒಂದೊಂದು ಕಲ್ಲಿನ ಹಿಂದೆಯೂ ಒಬ್ಬೊಬ್ಬ ಹೆಂಗಸು ಇದ್ದಾಳೆ. ಅವನ್ನು ನೋಡಿ ಮೂಢನಂಬಿಕೆ ಎಂದು ಮೂಗು ಮುರಿಯುವವರ ಜೊತೆ ನಾನು ಸೇರಲಾರೆ. ಎಡೆಯೂರಿನ ಗುಡಿಯಲ್ಲಿ ಕಣ್ಣುಮುಚ್ಚಿ ಕೂತಾಗ ಯಾರೂ ಏನೂ ಕೇಳುತ್ತಿರಲಿಲ್ಲವಲ್ಲ, ಅದೇ ಸಾಕಾಗಿತ್ತು ಎಂದಳು. ಹರಕೆ ಅವಳ ವರ್ಷಗಳನ್ನು ತಿನ್ನಲಿಲ್ಲ. ತಿಂದದ್ದು ಬೇರೆ.

ತಿಂದದ್ದು ಪರೀಕ್ಷೆಗಳ ಸರದಿ. ಮೊದಲು ಥೈರಾಯಿಡ್, ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ, ಆಮೇಲೆ ಅಂಡಗಳ ಸಂಗ್ರಹ ತಿಳಿಸುವ ಎ.ಎಂ.ಎಚ್. "ಪಿಸಿಓಡಿ ಇರಬಹುದು, ತೂಕ ಇಳಿಸಿ" ಎಂದರು, ಆರು ತಿಂಗಳು ರಾಗಿ ಅಂಬಲಿ ಕುಡಿದು ನಡೆದಳು. ಆಮೇಲೆ ಟ್ಯೂಬ್ ಟೆಸ್ಟ್. ಗರ್ಭಕೋಶದೊಳಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತೂರಿಸಿ, ಗರ್ಭನಾಳಗಳು ತೆರೆದಿವೆಯೇ ಎಂದು ನೋಡುವ ಪರೀಕ್ಷೆ ಅದು. ನಮ್ಮ ದೇಶದಲ್ಲಿ ನಾಳ ಮುಚ್ಚಿಕೊಳ್ಳಲು ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ. ಎಷ್ಟೋ ಸಲ ಅದು ಕೆಮ್ಮು ಜ್ವರ ಏನನ್ನೂ ತೋರಿಸದೆ ಒಳಗೇ ಕೂತು ನಾಳವನ್ನು ಹಾಳುಮಾಡುತ್ತದೆ. ಆದ್ದರಿಂದ ಆ ಪರೀಕ್ಷೆ ಬೇಕಾದದ್ದೇ. ಆದರೆ ನೋವಿನದು. ತಣ್ಣನೆಯ ಮೇಜಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದಾಗ ಹೊರಗೆ ಅತ್ತೆ ಕೂತಿದ್ದರು. ನಾಳಗಳು ಸರಿಯಾಗಿದ್ದವು. ಗರ್ಭಕೋಶ ಸರಿಯಾಗಿತ್ತು. ಎರಡು ವರ್ಷದ ಕೊನೆಗೆ ಬೇರೆ ಡಾಕ್ಟರೊಬ್ಬರು ಚೀಲದ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡಿ ಕೇಳಿದರು: "ಇದರಲ್ಲಿ ನಿಮ್ಮ ಯಜಮಾನರ ರಿಪೋರ್ಟ್ ಯಾವುದಮ್ಮಾ?"

ಇರಲಿಲ್ಲ. ಯಾರೂ ಮಾಡಿಸಿರಲಿಲ್ಲ.

ಇದು ಒಂದು ಮನೆಯ ಕತೆಯಲ್ಲ. ಮಕ್ಕಳಾಗದ ದಂಪತಿಗಳನ್ನು ತೆಗೆದುಕೊಂಡರೆ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ, ಒಂದೋ ಅದೊಂದೇ, ಇಲ್ಲವೇ ಹೆಂಗಸಿನ ಕಾರಣದ ಜೊತೆಗೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ವೀರ್ಯ ಪರೀಕ್ಷೆಗೆ ಎಕ್ಸ್‌ರೇ ಬೇಡ, ಅರಿವಳಿಕೆ ಬೇಡ, ನೋವಿಲ್ಲ. ಎರಡರಿಂದ ಏಳು ದಿನ ಸಂಗ ಬಿಟ್ಟಿದ್ದು, ಒಂದು ಡಬ್ಬಿಯಲ್ಲಿ ಕೊಟ್ಟರೆ ಮುಗಿಯಿತು. ಕೆಲವು ನೂರು ರೂಪಾಯಿಯ ಈ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಬೇಕು. ನಮ್ಮಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಆಗುತ್ತದೆ.

ಅವನು ಬಂದ. ಲ್ಯಾಬಿನವರು ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಾರಿಡಾರಿನ ಕೊನೆಯ ಬಾಗಿಲು ತೋರಿಸಿದರು. ಚಿಲಕ ಸರಿಯಾಗಿ ಬೀಳದ ಬಾತ್‌ರೂಮು. ಹೊರಗೆ ಬಕೆಟ್ಟಿನ ಸದ್ದು, ಯಾರದೋ ಮಗು ಅಳುವ ಸದ್ದು. ಅರ್ಧ ಗಂಟೆ ಒಳಗಿದ್ದು ಖಾಲಿ ಡಬ್ಬಿ ಹಿಡಿದು ಹೊರಬಂದ. ಇನ್ನೊಂದು ದಿನ ಮತ್ತೆ ಬಂದು ಕೊಟ್ಟ. ಗಂಡಸರು ಯಾಕೆ ಹಿಂಜರಿಯುತ್ತಾರೆಂದು ಕೇಳುವ ನಾವು ಆ ಬಾಗಿಲಿನ ಚಿಲಕವನ್ನೂ ನೋಡಬೇಕು. ಪ್ರತಿ ಆಸ್ಪತ್ರೆಯೂ ಒಂದು ಶುಚಿಯಾದ, ಭದ್ರವಾಗಿ ಬೀಗ ಬೀಳುವ ಕೋಣೆಯನ್ನು ಇದಕ್ಕೆಂದೇ ಇಟ್ಟರೆ ಎಷ್ಟೋ ಹೆಂಗಸರ ಟ್ಯೂಬ್ ಟೆಸ್ಟ್ ಮುಂದಕ್ಕೆ ಹೋದೀತು.

ರಿಪೋರ್ಟು ಬಂತು. ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳಿರಬೇಕಾದದ್ದು ಕೆಳಗಿನ ಮಿತಿ. ಅವನದು ಅದರ ಹತ್ತಿರಕ್ಕೂ ಇರಲಿಲ್ಲ, ಇದ್ದವುಗಳಲ್ಲೂ ಚಲನೆ ಕಡಿಮೆ. ಚೆನ್ನಾಗಿ ಉಳುತ್ತಿದ್ದ, ಮರ ಹತ್ತುತ್ತಿದ್ದ, ಕಬಡ್ಡಿಯಾಡುತ್ತಿದ್ದ ಮೈ ಅದು. ವೀರ್ಯಾಣುವಿನ ಸಂಖ್ಯೆಗೂ ಗಂಡಸುತನಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಎರಡು ಸಲ ಹೇಳಿದರು. ವೃಷಣದ ರಕ್ತನಾಳ ಊದಿಕೊಂಡಿದ್ದರೆ ಹೀಗಾಗಬಹುದು, ದೊಡ್ಡವನಾದ ಮೇಲೆ ಬಂದ ಮಂಗನಬಾವಿನಿಂದ ಆಗಬಹುದು, ಬೀಡಿ, ಗುಟ್ಕಾ, ಕುಡಿತದಿಂದ ಆಗಬಹುದು, ಕಾರಣ ಸಿಗದೆಯೂ ಇರಬಹುದು. ಗುಟ್ಕಾ ಬಿಡಲು ಹೇಳಿದರು. ಒಂದು ವೀರ್ಯಾಣು ತಯಾರಾಗಲು ಎಪ್ಪತ್ತಕ್ಕೂ ಹೆಚ್ಚು ದಿನ ಬೇಕು. ಇವತ್ತು ಬಿಟ್ಟದ್ದರ ಫಲ ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಕಾಣುತ್ತದೆ. ಮೆಟ್ಟಿಲಿಳಿದು ಬರುವಾಗ ಚೀಲವನ್ನು ಅವನು ಇಸಿದುಕೊಂಡ. "ಅಷ್ಟು ವರ್ಷ ಇವಳ ಮೈಮೇಲೆ ಹಾಕಿದ್ವಿ," ಎಂದ, ನನಗಲ್ಲ, ಅವಳಿಗೂ ಅಲ್ಲ, ನೆಲ ನೋಡಿಕೊಂಡು.

ಅವಳ ತಂದೆ ಒಂದು ಕಾಲಕ್ಕೆ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೂಲಿ ಮಾಡಿದವರು. ಟಿಪ್ಪುವಿನ ಕಾಲದಿಂದ ಹೆಸರಾದ ಜಾಗ. ರೇಸಿನ ಥರೋಬ್ರೆಡ್ ತಳಿಗೆ ಕೃತಕ ಗರ್ಭಧಾರಣೆ ಜಗತ್ತಿನ ಎಲ್ಲಿಯೂ ಸಲ್ಲದು, ಹೆಣ್ಣು ಕುದುರೆಯನ್ನು ಗಂಡಿನ ಬಳಿಗೇ ತರಬೇಕು. ಗರ್ಭ ನಿಲ್ಲದಿದ್ದರೆ ಇಂಥ ಫಾರಂಗಳಲ್ಲಿ ಗಂಡು ಕುದುರೆಯನ್ನೂ ಪರೀಕ್ಷೆ ಮಾಡುತ್ತಾರೆ, ಅದರಿಂದ ಎಷ್ಟು ನಿಂತವು, ಎಷ್ಟು ನಿಲ್ಲಲಿಲ್ಲ ಎಂಬ ಲೆಕ್ಕ ಇಡುತ್ತಾರೆ. ಇನ್ನು ಹಳ್ಳಿಯಲ್ಲಿ ಹಸು ಬೆದೆಗೆ ಬಂದರೆ ಪಶು ಆಸ್ಪತ್ರೆಯವರು ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಬಂದು ವೀರ್ಯದ ಕಡ್ಡಿ ಹಾಕುತ್ತಾರೆ. "ಇಂಜೆಕ್ಷನ್ ಕೊಡಿಸಿದೆ, ಗಬ್ಬ ನಿಲ್ತು" ಎಂದು ಡೇರಿಯ ಮುಂದೆ ಎಲ್ಲರೂ ಮಾತಾಡಿಕೊಳ್ಳುತ್ತಾರೆ. ಯಾವ ಹೋರಿಯದು, ಎಷ್ಟನೇ ಸಲಕ್ಕೆ ನಿಂತಿತು, ಎಲ್ಲ ಬಹಿರಂಗ. ಇಷ್ಟು ತಿಳಿವಳಿಕೆ ಇರುವ ಊರು ಮನುಷ್ಯರ ವಿಷಯಕ್ಕೆ ಬಂದಾಗ ಸೊಸೆಯ ಕಡೆ ಮಾತ್ರ ನೋಡುತ್ತದಲ್ಲ, ಅದು ನನ್ನನ್ನು ಬಹಳ ನೋಯಿಸುತ್ತದೆ.

ತವರಿಗೆ ಹೋದಾಗೊಮ್ಮೆ ಇಬ್ಬರೂ ಬೈಕಿನಲ್ಲಿ ಕುದೂರಿನ ಕಡೆ ಹೋಗಿದ್ದರು. ಹುಲಿಕಲ್ ರಸ್ತೆಯಲ್ಲಿ ಆಲದ ಮರಗಳ ಸಾಲು. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಸೊಸೆಯಾಗಿ ಹೋದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಮಕ್ಕಳಾಗಲಿಲ್ಲವೆಂದು ಕೇಳಬಾರದ ಮಾತುಗಳನ್ನು ಕೇಳಿದರು, ಬದುಕೇ ಬೇಡವೆನ್ನುವಷ್ಟು ಒಮ್ಮೆ ನೊಂದಿದ್ದರು. ಗಂಡ ಚಿಕ್ಕಯ್ಯ ಮತ್ತು ಅವರು ಆಲದ ಸಸಿ ನೆಡಲು ಶುರುಮಾಡಿದರು. ಮೊದಲ ವರ್ಷ ಹತ್ತು, ಆಮೇಲೆ ಹದಿನೈದು, ಆಮೇಲೆ ಇಪ್ಪತ್ತು. ಕೂಲಿ ಮುಗಿಸಿ ಬಂದು ಕೊಡದಲ್ಲಿ ನೀರು ಹೊತ್ತರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ಸುಮಾರು ನಾಲ್ಕು ಕಿಲೋಮೀಟರು ಉದ್ದಕ್ಕೆ 385 ಮರ ಎಂದು ಲೆಕ್ಕ. ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, 114ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತಿಮ್ಮಕ್ಕನನ್ನು ನಾವು ಮರಗಳಿಗಾಗಿ ನೆನೆಯುತ್ತೇವೆ, ನೆನೆಯಬೇಕು. ನನ್ನ ಮನಸ್ಸು ನಿಲ್ಲುವುದು ಚಿಕ್ಕಯ್ಯನ ಮೇಲೂ. ಆ ಕಾಲದ ಕೂಲಿ ದಂಪತಿಗೆ ಕಾರಣ ಯಾರ ಮೈಯಲ್ಲಿದೆಯೆಂದು ತಿಳಿಯುವ ದಾರಿ ಕೈಗೆಟಕುತ್ತಿರಲಿಲ್ಲ. ಊರು ಹೆಂಗಸಿಗೆ ಹೆಸರಿಟ್ಟಿತು. ಚಿಕ್ಕಯ್ಯ ಊರಿನ ಜೊತೆ ಸೇರಲಿಲ್ಲ, ಇನ್ನೊಂದು ಕೊಡ ಹೊತ್ತುಕೊಂಡು ಅವರ ಜೊತೆ ನಡೆದರು.

ಮೂರು ತಿಂಗಳ ನಂತರ ಇವನ ರಿಪೋರ್ಟು ಸ್ವಲ್ಪ ಮೇಲೇರಿತು. ಮೊದಲು ಐಯುಐ. ಒಂಬತ್ತನೆಯ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನಿಂಗ್. ಅಂಡದ ಗುಳ್ಳೆ ಹದಿನೆಂಟು, ಇಪ್ಪತ್ತು ಮಿಲಿಮೀಟರಿಗೆ ಬಂದಾಗ ಒಂದು ಇಂಜೆಕ್ಷನ್, ಅದಾಗಿ ಒಂದೂವರೆ ದಿನಕ್ಕೆ ಲ್ಯಾಬಿನಲ್ಲಿ ತೊಳೆದು ಆರಿಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಒಂದು ಸಲಕ್ಕೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ನಿಲ್ಲುತ್ತದೆ. ಇವರಿಗೆ ನಿಲ್ಲಲಿಲ್ಲ. ಮತ್ತೆ ಮಾಡಿಸಿದರು, ಮತ್ತೆ ಎರಡನೇ ದಿನ ಬಂತು.

ಇನ್ನು ಐವಿಎಫ್, ಅಂದರೆ ಪ್ರಣಾಳ ಶಿಶು ಚಿಕಿತ್ಸೆ, ಎಂದಾಗ ಮನೆಯಲ್ಲಿ ದುಡ್ಡಿನ ಮಾತು ಶುರುವಾಯಿತು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ. ಆರೋಗ್ಯ ವಿಮೆಗಳಲ್ಲಿ ಬಹುಪಾಲು ಇದನ್ನು ಮುಟ್ಟುವುದಿಲ್ಲ. ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದ ಉಂಡೆ ಕೊಬ್ಬರಿಯನ್ನು ಸುಲಿಸಿ ತಿಪಟೂರಿಗೆ ಹಾಕಿದರು. ಸಾಲದ್ದಕ್ಕೆ ಅವಳ ಸರ ಬ್ಯಾಂಕಿನಲ್ಲಿ ಅಡ ಕೂತಿತು. ಅತ್ತೆಗೆ ಪ್ರಣಾಳ ಶಿಶು ಎಂದರೆ ಬಾಟಲಿಯಲ್ಲಿ ಬೆಳೆಯುವ ಮಗು ಎಂಬ ಭಯ. 1978ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್, ಅದೇ ವರ್ಷ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಕೈಯಲ್ಲಿ ದುರ್ಗಾ, 1986ರಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹರ್ಷಾ, ಹೀಗೆ ಪ್ರಣಾಳ ಶಿಶುಗಳು ಹುಟ್ಟಿ ಎಷ್ಟೋ ಕಾಲವಾಗಿದೆ. ಇಂಥ ಮಗುವೂ ತಾಯಿಯ ಹೊಟ್ಟೆಯಲ್ಲೇ ಬೆಳೆಯುತ್ತದೆ, ಹೊರಗಿರುವುದು ಮೊದಲ ಕೆಲವು ದಿನ ಮಾತ್ರ ಎಂದು ನರ್ಸಮ್ಮ ಬಿಡಿಸಿ ಹೇಳಿದ ಮೇಲೆ ಮುದುಕಿ ಸಮಾಧಾನಗೊಂಡರು.

ಇಂಜೆಕ್ಷನ್ನುಗಳನ್ನು ತಣ್ಣಗಿಡಬೇಕು. ಐಸ್ ತುಂಬಿದ ಡಬ್ಬಿಯಲ್ಲಿ ತುಮಕೂರಿನಿಂದ ತಂದು, ಫ್ರಿಜ್ಜಿನಲ್ಲಿ ಹೆಪ್ಪಿನ ಪಾತ್ರೆಯ ಹಿಂದೆ ಮುಚ್ಚಿಟ್ಟರು, ಬಂದವರು ನೋಡಿ ಕೇಳಬಾರದೆಂದು. ಕರೆಂಟು ಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ದಿನಕ್ಕೊಂದರಂತೆ ಹತ್ತು ಹನ್ನೆರಡು ದಿನ, ಹೊಕ್ಕುಳ ಪಕ್ಕ, ಅದೇ ಹೊತ್ತಿಗೆ ಚುಚ್ಚಬೇಕು. ದಿನಾ ಬಸ್ಸು ಹತ್ತಲಾಗುತ್ತದೆಯೇ? ಅವನೇ ಕಲಿತ. ಮೊದಲ ದಿನ ಕೈ ನಡುಗಿ ಸೂಜಿ ಕೆಳಗಿಟ್ಟ. ಅವಳು, "ಹಾಕ್ರೀ, ನಂಗೇನೂ ಆಗಲ್ಲ," ಎಂದಳು. ಆಮೇಲೆ ಪ್ರತಿ ರಾತ್ರಿ ಊಟ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡು, ಅವನು ಸ್ಪಿರಿಟ್ಟಿನ ಹತ್ತಿ ಒತ್ತಿ, ಉಸಿರು ಬಿಗಿಹಿಡಿದು ಚುಚ್ಚುತ್ತಿದ್ದ. ಮದುವೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದು ಆ ಹನ್ನೆರಡು ರಾತ್ರಿಯೇ ಎಂದು ಅವಳು ಹೇಳುವಾಗ ಮುಖ ಅರಳಿತು.

ಸಣ್ಣ ಅರಿವಳಿಕೆ ಕೊಟ್ಟು ಅಂಡಗಳನ್ನು ಹೊರತೆಗೆದರು. ಹನ್ನೊಂದು ಸಿಕ್ಕವು. ಬಲಿತದ್ದು ಎಂಟು. ವೀರ್ಯಾಣು ಕಡಿಮೆಯಿದ್ದದ್ದರಿಂದ ಇಕ್ಸಿ ಮಾಡಿದರು. ಒಂದೇ ಒಂದು ವೀರ್ಯಾಣುವನ್ನು ಆರಿಸಿ, ಕೂದಲಿಗಿಂತ ಸಪೂರದ ಗಾಜಿನ ಸೂಜಿಯಿಂದ ಅಂಡದೊಳಕ್ಕೆ ಬಿಡುವ ಈ ವಿಧಾನ 1992ರಲ್ಲಿ ಬ್ರಸೆಲ್ಸ್‌ನಿಂದ ಜಗತ್ತಿಗೆ ಬಂತು. ಇವನಂಥ ಸಾವಿರಾರು ಗಂಡಸರು ಅದರಿಂದ ತಂದೆಯಾದರು. ಮಾರನೆಯ ದಿನ ಲ್ಯಾಬಿನಿಂದ ಫೋನು: ಆರು ಕೂಡಿವೆ. ಮೂರನೆಯ ದಿನ ಫೋನು: ನಾಲ್ಕು. ಐದನೆಯ ದಿನಕ್ಕೆ ಉಳಿದದ್ದು ಮೂರು ಭ್ರೂಣ. ಅವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಟ್ಟರು. ಪಶು ಆಸ್ಪತ್ರೆಯವರ ಬೈಕಿನ ಕ್ಯಾನಿನಲ್ಲಿರುವುದೂ ಅದೇ ದ್ರವ ಎಂದು ತಿಳಿದಾಗ ಅವನಿಗೆ ಧೈರ್ಯ ಬಂತಂತೆ. ಅದು ಕೆಲಸ ಮಾಡುವುದನ್ನು ಅವನು ಕಣ್ಣಾರೆ ಕಂಡಿದ್ದ.

ಮೊದಲ ಭ್ರೂಣ ಗರ್ಭಕೋಶಕ್ಕೆ ಹೋಯಿತು. ಎಣ್ಣೆಯಂಥ ಪ್ರೊಜೆಸ್ಟರಾನ್ ಇಂಜೆಕ್ಷನ್ ಪೃಷ್ಠದಲ್ಲಿ ಗಂಟುಗಟ್ಟಿತು. ಅಕ್ಕಪಕ್ಕದವರ ಸಲಹೆಗಳು ಬಂದವು: ಮೆಟ್ಟಿಲು ಹತ್ತಬೇಡ, ಮಗ್ಗುಲು ಬದಲಿಸಬೇಡ, ಎದ್ದು ಕೂರಬೇಡ. ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ, ಇದು ಅಧ್ಯಯನಗಳಿಂದ ಗೊತ್ತಾಗಿರುವ ಮಾತು. ಆದರೂ ಅವಳು ಮಲಗಿದಳು, ಛಾವಣಿಯ ತೊಲೆ ಎಣಿಸಿದಳು. ಎರಡು ವಾರದ ನಂತರದ ರಕ್ತಪರೀಕ್ಷೆಯಲ್ಲಿ ಇಲ್ಲವೆಂದು ಬಂತು. ಆ ದಿನದ ಬಗ್ಗೆ ಇಬ್ಬರೂ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗ್ಯಾರಂಟಿ ಎಂದು ಬೋರ್ಡು ಹಾಕುವವರನ್ನು ನಂಬಬೇಡಿ. ಒಳ್ಳೆಯ ಕೇಂದ್ರದಲ್ಲಿಯೂ ಎಷ್ಟೋ ಭ್ರೂಣಗಳು ನಿಲ್ಲುವುದಿಲ್ಲ, ಹೆಣ್ಣಿನ ವಯಸ್ಸು ಏರಿದಂತೆ ಇನ್ನೂ ಕಡಿಮೆ. ಎಲ್ಲ ಮಾಡಿಸಿಯೂ ಬರಿಗೈಯಲ್ಲಿ ಮನೆಗೆ ಹೋದವರು ಆ ಕಾಯುವ ಕೋಣೆಯಲ್ಲಿ ಬಹಳ ಜನರಿದ್ದಾರೆ, ಅವರ ಬದುಕು ಯಾವ ಬಗೆಯಲ್ಲೂ ಕಡಿಮೆಯದಲ್ಲ.

ಎರಡನೆಯ ಸಲ ಅವಳು ಮಲಗಲಿಲ್ಲ. ರಾಗಿ ಮುದ್ದೆ ಮಾಡಿದಳು, ಹಸು ನೋಡಿಕೊಂಡಳು. ರಕ್ತ ಕೊಡಲು ಇಬ್ಬರೂ ತುಮಕೂರಿಗೆ ಬಂದಿದ್ದರು. ಸಂಜೆಯ ಹೊತ್ತಿಗೆ ಫೋನಿನಲ್ಲಿ ಸಿಸ್ಟರು ಬೀಟಾ ಎಚ್‌ಸಿಜಿಯ ಅಂಕಿ ಹೇಳಿ, "ಪಾಸಿಟಿವ್ ಬಂದಿದೆಯಮ್ಮಾ," ಎಂದರು. ಅವನು ಎಷ್ಟು ಸಲ ಕೇಳಿದರೂ ಸಿಸ್ಟರು ಬೇಸರಿಸದೆ ಮತ್ತೆ ಮತ್ತೆ ಹೇಳಿದರು. ಆರನೆಯ ವಾರ ದಾಟಿದ ಮೇಲಿನ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಂಡಿತು. ಈ ಸಲ ಅವನು ಮೆಟ್ಟಿಲ ಕೆಳಗಿರಲಿಲ್ಲ, ಪರದೆಯ ಮುಂದೆ ಅವಳ ತಲೆಯ ಹತ್ತಿರ ನಿಂತಿದ್ದ. ಮೂರು ತಿಂಗಳು ಯಾರಿಗೂ ಹೇಳಬೇಡಿ ಎಂದು ಅತ್ತೆ ಕಟ್ಟುಮಾಡಿ, ತಾವೇ ಮೊದಲು ಕುಣಿಗಲ್ಲಿನ ಬೀಗಿತಿಗೆ ಫೋನು ಮಾಡಿದರು. ಊರಿನ ಆಶಾ ಕಾರ್ಯಕರ್ತೆ ಬಂದು ಹೆಸರು ಬರೆದುಕೊಂಡು ತಾಯಿ ಕಾರ್ಡ್ ಮಾಡಿಸಿಕೊಟ್ಟಿದ್ದಾರೆ. ಅದೂ ಈಗ ಆ ಚೀಲದಲ್ಲಿದೆ.

ಮಗು ಬೇಕೆಂದು ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಡಾಕ್ಟರ ಬಳಿ ಹೋಗಿ. ಐಯುಐ, ಐವಿಎಫ್ ಮಾಡುವ ಕೇಂದ್ರಗಳು 2021ರ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು, ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಮತ್ತು ಸೊಸೆಯನ್ನು ಟ್ಯೂಬ್ ಟೆಸ್ಟಿಗೆ ಕರೆದೊಯ್ಯುವ ಮೊದಲು ಮಗನ ವೀರ್ಯ ಪರೀಕ್ಷೆ ಮಾಡಿಸಿ.